ಎರಡನೆಯ ನಂಬರಿನ ಮರ್ಯಾದೆ

ಮಣ್ಣಿಗೆ ಬಂದು ಉಳಿದಿದ್ದ ನೆಂಟರೆಲ್ಲ ಹೋದ ಮರುದಿನ ಬೆಳಿಗ್ಗೆ ನಳಕ್ಕೆ ನೀರು ಬಂತು. ನಮ್ಮ ಧಾರವಾಡದ ಓಣಿಗೆ ನಳ ಬರುವುದು ವಾರಕ್ಕೊಮ್ಮೆ. ಸತ್ತವರ ಮನೆ ಎಂದು ಅದು ಕಾಯುವುದಿಲ್ಲ. ಕೊಡ, ಬಕೀಟು, ಡ್ರಮ್ಮು ಎಲ್ಲ ತುಂಬಿಸಿದೆ. ಡ್ರಮ್ಮು ನನ್ನ ಗಂಡ ವಿರೂಪಾಕ್ಷನ ಕೆಲಸವಾಗಿತ್ತು. ಎದೆನೋವು ಎಂದವನು ಆಟೋ ಬರುವಷ್ಟರಲ್ಲಿ ಮುಗಿದುಹೋದ. ವಯಸ್ಸು ಮೂವತ್ತಮೂರು. ಈಗ ಡ್ರಮ್ಮು ನನ್ನದು.

ಕೊನೆಯ ಕೊಡ ತುಂಬುವಾಗ ಪಕ್ಕದ ಮನೆಯ ಮಡಿವಾಳಪ್ಪ ಕಾಕಾ ಒಂದು ಪೆಟ್ಟಿಗೆಯನ್ನು ಕೂಸಿನಂತೆ ಅಪ್ಪಿಕೊಂಡು ಬಂದರು. ಹಿಂದೆ ಅವರ ಹೆಂಡತಿ ನಿಂಗವ್ವ ಕಾಕು, ಕೈಯಲ್ಲಿ ಉಪ್ಪಿಟ್ಟಿನ ಡಬ್ಬಿ. ಕಾಕಾ ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಮೂವತ್ತು ವರ್ಷ ವೈರು ಜೋಡಿಸಿ ನಿವೃತ್ತರಾದವರು. ಆಮೇಲೆ ಯಂತ್ರ ಕಂಡುಹಿಡಿಯುವ ಚಟ ಹತ್ತಿತು. ಅವರ ರೊಟ್ಟಿ ಬಡಿಯುವ ಯಂತ್ರ ರೊಟ್ಟಿ ಬಿಟ್ಟು ಅಡಿಗೆಮನೆಯ ಗೋಡೆ ಬಡಿದಿತ್ತು. ಬೆಕ್ಕು ಓಡಿಸುವ ಯಂತ್ರಕ್ಕೆ ಓಣಿಯ ಬೆಕ್ಕುಗಳೆಲ್ಲ ಬಂದು ಒರಗಿ ಮಲಗುತ್ತಿದ್ದವು.

"ದಾಕ್ಷಾಯಿಣಿ, ನಿನ್ನ ನೌಕರಿ ಚಿಂತಿ ಮುಗೀತ ನೋಡವಾ!" ಎಂದರು ಕಾಕಾ.

"ಆಕಿ ಇನ್ನೂ ಚಾ ಕುಡದಿಲ್ಲ. ಮೊದಲ ಆ ಡಬ್ಬಿ ಕೆಳಗ ಇಡ್ರಿ," ಎಂದರು ಕಾಕು.

"ಡಬ್ಬಿ ಅನಬ್ಯಾಡ! ಇದು ಗೌರವಯಂತ್ರ!"

ನೌಕರಿಯ ವಿಷಯ ಹೇಳಬೇಕು. ಹುಬ್ಬಳ್ಳಿಯ ಒಂದು ಕುಸುಬಿ ಎಣ್ಣೆಯ ಕಾರ್ಖಾನೆಗೆ ಎಣ್ಣೆ ಪರೀಕ್ಷಿಸುವ ಕೆಮಿಸ್ಟ್ ಬೇಕಾಗಿತ್ತು. ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಅರ್ಜಿಯನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಸಮರ್ಥ ಹಂಚಿನಾಳ ಎಂಬ ನೇಮಕಾತಿ ಅಧಿಕಾರಿಗೆ ಇಮೇಲ್ ಮಾಡಬೇಕು. ಅಂದು ಸಂಜೆ ಐದು ಗಂಟೆಗೆ ಅವಧಿ ಮುಗಿಯುತ್ತಿತ್ತು. ಈ ವಾರ ನೌಕರಿ ಸಿಗದಿದ್ದರೆ ಬಾಡಿಗೆ ಮನೆ ಬಿಟ್ಟು ಗದಗಕ್ಕೆ ಬರಬೇಕೆಂದು ವಿರೂಪಾಕ್ಷನ ಅಣ್ಣ ಚನಬಸಪ್ಪ ಭಾವ ಹೇಳಿ ಹೋಗಿದ್ದರು. "ನಿಮ್ಮ ಅಕ್ಕಗೂ ಅಡಿಗಿಮನ್ಯಾಗ ಒಂದು ಕೈ ಆಸರ ಆಕ್ಕೈತಿ," ಎಂದಿದ್ದರು. ಅಕ್ಕ ಎಂದರೆ ಅವರ ಹೆಂಡತಿ. ಆ ಕೈ ನನ್ನದು.

ಅರ್ಜಿ ಬರೆಯಲು ಕೂತರೆ ಮೊದಲ ಸಾಲಿಗೇ ಸಲಹೆಗಳ ಸುರಿಮಳೆ. "ಪೂಜ್ಯರಾದ ಅಂತ ಸುರು ಮಾಡು, ತಗ್ಗಿ ನಡದವರಿಗೆ ಬಾಗಲ ತಲಿಗೆ ಬಡಿಯೂದಿಲ್ಲ," ಎಂದರು ಭಾವ. "ಹಾಯ್ ಸಮರ್ಥ್ ಅಂತ ಬರಿ, ಸರ್ ಅಂದ್ರ ಅಜ್ಜಿ ಅಂದ್ಕೋತಾರ," ಎಂದಳು ಗೆಳತಿ ಪಲ್ಲವಿ. ನಿಮ್ಮ ಭವಿಷ್ಯವೆಲ್ಲ ಮೊದಲ ಸಾಲಿನಲ್ಲಿದೆ ಎಂದು ಫೋನಿನಲ್ಲಿ ಒಬ್ಬ ಉಪದೇಶಕ ಇಪ್ಪತ್ತು ನಿಮಿಷ ಮಾತಾಡಿದ. ಎರಡನೆಯ ಸಾಲಿನಲ್ಲಿ ಏನಿರಬೇಕೆಂದು ಅವನಿಗೂ ಗೊತ್ತಿರಲಿಲ್ಲ. ಗಂಡ ಸತ್ತು ಹನ್ನೊಂದು ದಿನವಾಗಿತ್ತು. ಸಮಾಧಾನ ಹೇಳಲು ಬಂದವರೆಲ್ಲ ಸಮರ್ಥ ಹಂಚಿನಾಳನನ್ನು ಏನೆಂದು ಕರೆಯಬೇಕೆಂದು ಜಗಳವಾಡಿ, ಊಟ ಮಾಡಿ ಹೋದರು.

ಕಾಕಾ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟರು. ಹಳೆಯ ರೇಡಿಯೋದ ಮೈ. ಮುಂದೆ ಕೆಂಪು ದೀಪಗಳ ಸಾಲು, ನಡುವೆ ಒಂದು ಕ್ಯಾಮೆರಾದ ಕಣ್ಣು, ಪಕ್ಕದಲ್ಲಿ ಒಂದು ಚೌಕ ತೂತು. ಆ ತೂತಿನಿಂದ ಎರಡು ವೈರು ಹೊರಗೆ ಬಂದು ಒಂದಕ್ಕೊಂದು ಸುತ್ತಿಕೊಂಡಿದ್ದವು.

"ನೀ ಯಾರಿಗೆ ಬರೀಬೇಕು, ಅವರ ಫೋಟೋ ತೋರಸು. ಎಷ್ಟು ಮರ್ಯಾದಿ ಕೊಡಬೇಕಂತ ಅದ ಅಳೀತೈತಿ, ಅದ ಬರೀತೈತಿ, ಅದ ಕಳಸ್ತೈತಿ! ಪಾಲಿಟೆಕ್ನಿಕ್ಕಿನಾಗ ರಿಟೈರ್ ಆದವರಿಗೆಲ್ಲ ಓದಿದ ನಲವತ್ತು ಮಾನಪತ್ರ ಅದಕ್ಕ ಓದಿಸೀನಿ!"

"ನಿಮಗ ಓದಿದ್ದು?" ಎಂದರು ಕಾಕು.

"ನನಗ ಯಾರೂ ಓದಲಿಲ್ಲ. ಮಾತಿನ ನಡುವ ಬಾಯಿ ಹಾಕಬ್ಯಾಡ!"

ಕಾಕಾ ಮೊದಲು ಕಾಕುವಿನ ಫೋಟೋ ತೋರಿಸಿದರು. ದೀಪಗಳು ಹತ್ತಿದವು. ಪೆಟ್ಟಿಗೆ ಗಂಟಲು ಸರಿಮಾಡಿಕೊಂಡು, "ಅನ್ನಪೂರ್ಣಾ ಸ್ವರೂಪಿಣಿ, ಉಪ್ಪಿಟ್ಟು ಕಲಾನಿಧಿ, ಮಾತೃಶ್ರೀ ನಿಂಗವ್ವನವರ ಪಾದಾರವಿಂದಗಳಿಗೆ," ಎಂದಿತು.

ಕಾಕು ಸೆರಗು ಸರಿಮಾಡಿಕೊಂಡರು. "ಇಷ್ಟು ವರ್ಷದಾಗ ಈ ಮನುಷ್ಯಾ ಒಂದ್ ಸಲ ಅಂದಿಲ್ಲ ನೋಡವಾ, ಉಪ್ಪಿಟ್ಟು ಚಲೋ ಆಗೇತಿ ಅಂತ!"

ಹೊಸ್ತಿಲಲ್ಲಿ ಓಣಿಯ ನಾಯಿ ಬಂದು ನಿಂತಿತ್ತು. ಕ್ಯಾಮೆರಾ ಅದನ್ನೂ ನೋಡಿತು. "ಓಣಿಯ ಅಹೋರಾತ್ರಿ ರಕ್ಷಕ, ಶ್ವಾನಕುಲತಿಲಕ, ಶ್ರೀ ಶ್ರೀ ಕರಿಯಪ್ಪನವರ ಸನ್ನಿಧಿಗೆ!"

ನಾಯಿ ಗಾಬರಿಯಾಗಿ ಓಡಿತು. ಅದಕ್ಕೆ ಮಾತ್ರ ತಿಳಿವಳಿಕೆಯಿತ್ತು.

"ತುಸು ಹೆಚ್ಚಾತು," ಎಂದರು ಕಾಕಾ. "ಒಂದು ಪಾರ್ಟು ಕಡಿಮಿ ಐತಿ."

"ಆ ಪಾರ್ಟು ಎಲ್ಲೈತಿ ಅಂದ್ರ..." ಎಂದು ಕಾಕು ಬಾಯಿ ತೆರೆದರು.

"ನಿಂಗವ್ವ!"

ಕಾಕಾ ಕಣ್ಣು ಬಿಟ್ಟ ರೀತಿಗೆ ಕಾಕು ಉಪ್ಪಿಟ್ಟು ಬಡಿಸತೊಡಗಿದರು. ನಾನು ಕೇಳಲಿಲ್ಲ. ಆ ದಿನಗಳಲ್ಲಿ ನಾನು ಏನನ್ನೂ ಕೇಳುತ್ತಿರಲಿಲ್ಲ.

ನನ್ನ ಅರ್ಜಿ ಸಿದ್ಧವಿತ್ತು. 'ಸಮರ್ಥ ಹಂಚಿನಾಳ ಅವರಿಗೆ ನಮಸ್ಕಾರ. ನಾನು ಎಂ.ಎಸ್ಸಿ. ಮಾಡಿದ್ದೇನೆ. ಎಣ್ಣೆ ಪರೀಕ್ಷೆ ಮಾಡಲು ಬರುತ್ತದೆ. ಕೆಲಸ ಬೇಕು.' ಅಷ್ಟೇ ಸಾಕಾಗಿತ್ತು. ಆದರೆ ಕಾಕಾ ಆಗಲೇ ಲ್ಯಾಪ್‌ಟಾಪಿಗೆ ವೈರು ಚುಚ್ಚಿದ್ದರು. ಕಂಪನಿಯ ಪುಟದಲ್ಲಿದ್ದ ಸಮರ್ಥನ ಫೋಟೋ ತೋರಿಸಿದರು. ಇಪ್ಪತ್ತಾರರ ಹುಡುಗ. ಎಣ್ಣೆ ಡಬ್ಬಿಗಳ ಮುಂದೆ ಕಪ್ಪು ಕನ್ನಡಕ ಹಾಕಿ, ಕೈಕಟ್ಟಿ ನಿಂತಿದ್ದ. ಗಾಣ ಕಂಡುಹಿಡಿದವನೇ ತಾನು ಎನ್ನುವ ಭಂಗಿ.

ಅರ್ಜಿ ಹೊರಟಿತು. 'ತೈಲವಂಶದೀಪ, ನಿರುದ್ಯೋಗಿಜನಪಾಲಕ, ಕೃಷ್ಣೋಪನೇತ್ರಧಾರಿ, ಶ್ರೀ ಶ್ರೀ ಶ್ರೀ ಸಮರ್ಥ ಮಹಾಪ್ರಭುಗಳ ಸನ್ನಿಧಾನಕ್ಕೆ' ಎಂದು ಸುರುವಾಗಿ ಹದಿನೇಳು ಸಾಲು. ನನ್ನ ನಾಲ್ಕು ವಾಕ್ಯಗಳು ಕೊನೆಯಲ್ಲಿ, ಪಂಗತಿ ಮುಗಿದ ಮೇಲೆ ಬಂದವರಂತೆ ನಿಂತಿದ್ದವು. ನನ್ನ ಹೆಸರಿನ ಹಿಂದೆ 'ತಮ್ಮ ಪಾದಧೂಳಿ' ಎಂದು ಸೇರಿತ್ತು.

ನಾಲ್ಕು ಸೆಕೆಂಡಿನಲ್ಲಿ ಉತ್ತರ ಬಂತು. 'ಹಾಯ್ ಡಿಯರ್! ನಿಮ್ಮ ಅರ್ಜಿ ತಲುಪಿದೆ. ಚಿಯರ್ಸ್!' ಯಾರು ಬರೆದರೂ ತಾನಾಗಿ ಹೋಗುವ ಉತ್ತರ ಅದು. ಯಂತ್ರಕ್ಕೆ ಅದು ತಿಳಿಯಲಿಲ್ಲ. ಇಷ್ಟು ಹೊಗಳಿದರೂ ಮಹಾಪ್ರಭುಗಳು ಕರಗಲಿಲ್ಲವೆಂದರೆ ಹೊಗಳಿದ್ದು ಸಾಲಲಿಲ್ಲ ಎಂದುಕೊಂಡಿತು. ಇನ್ನೊಂದು ದೀಪ ಹತ್ತಿತು. ಮೂವತ್ತು ಸಾಲಿನ ಪತ್ರ ಹೋಯಿತು. 'ಹಾಯ್ ಡಿಯರ್! ನಿಮ್ಮ ಅರ್ಜಿ ತಲುಪಿದೆ. ಚಿಯರ್ಸ್!' ಮತ್ತೊಂದು ದೀಪ. ಅರವತ್ತು ಸಾಲು!

ಹನ್ನೊಂದು ಗಂಟೆಗೆ ಇನ್ನೂರ ಹನ್ನೆರಡು ಪತ್ರಗಳು ಹೋಗಿದ್ದವು. ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಪತ್ರಗಳು ಹೋಗುತ್ತಲೇ ಇದ್ದವು.

"ಅದಕ್ಕ ಬ್ಯಾರೆ ಸಿಮ್ ಐತಿ," ಎಂದರು ಕಾಕಾ ಮೆಲ್ಲಗೆ.

ಪ್ಲಗ್ ಕಿತ್ತೆ.

"ಬ್ಯಾಟರೀನೂ ಐತಿ. ಕರೆಂಟ್ ಹೋದ್ರ ಮರ್ಯಾದಿ ನಿಲ್ಲಬಾರದಂತ..."

"ಒನಕಿ ತರಲೇನವಾ?" ಎಂದರು ಕಾಕು. "ಒಂದ ಏಟು!"

"ಒಡದ್ರ ಆತನ? ಹೋದ ಪತ್ರ ವಾಪಸ್ ಕರಿಯಾವರು ಯಾರು? ಅದರ ಬಿಸಿ ಇಳದ್ರ ಅದ ಕರಕೋತೈತಿ!"

"ಹೆಂಗ ಇಳೀತೈತಿ?" ಎಂದೆ.

ಕಾಕಾ ಗೋಡೆ ನೋಡಿದರು.

ಅಷ್ಟರಲ್ಲಿ ಯಂತ್ರಕ್ಕೆ ಹಂಚಿನಾಳನೊಬ್ಬ ಸಾಲದಾಗಿದ್ದ. ಸುತ್ತಲಿನ ಫೋನು, ಸ್ಪೀಕರುಗಳನ್ನೆಲ್ಲ ಹಿಡಿಯತೊಡಗಿತು. ಕಸದ ಗಾಡಿ ಓಣಿಗೆ ಬಂದಾಗ ಅದರ ಧ್ವನಿವರ್ಧಕ ಎಂದಿನ ಹಾಡು ಬಿಟ್ಟು, "ಹಸಿಕಸ ಒಣಕಸಗಳ ಪರಮದಾನಿಗಳಾದ ಪೂಜ್ಯರೇ, ತಮ್ಮ ಅಮೃತಹಸ್ತದಿಂದ..." ಎಂದು ಕೂಗಿತು. ಕೊನೆಯ ಮನೆಯ ನಿವೃತ್ತ ಹೆಡ್‌ಮಾಸ್ತರರು ಒಳಗೆ ಹೋಗಿ ಶಾಲು ಹೊದ್ದು ಬಂದು, ಬುಟ್ಟಿಯನ್ನು ಎರಡೂ ಕೈಯಿಂದ ಕೊಟ್ಟು, ಎರಡು ಮಾತಾಡಲು ನಿಂತರು. ಗಾಡಿ ಅರ್ಧ ತಾಸು ಕದಲಲಿಲ್ಲ.

ಹನ್ನೆರಡಕ್ಕೆ ಭಾವನ ಫೋನು ಬಂತು. ಅವರ ಧ್ವನಿ ಬೆಲ್ಲವಾಗಿತ್ತು.

"ದಾಕ್ಷಾಯಿಣಿ, ನಿನ್ನ ಮೆಸೇಜ್ ಮನೀ ಮಂದಿಗೆಲ್ಲ ಓದಿ ತೋರಿಸಿದೆ! ನಿನಗ ಇಷ್ಟು ಸಂಸ್ಕಾರ ಐತಂತ ಗೊತ್ತಿರಲಿಲ್ಲ ಬಿಡು!"

"ಯಾವ ಮೆಸೇಜ್ರೀ?"

"ನೌಕರಿ ಏನಾತು, ಟೆಂಪೋ ಕಳಸಲೇನು ಅಂತ ನಾ ಕೇಳಿದ್ದಕ್ಕ ಬರದೀಯಲ್ಲ! 'ಕುಲದ ಹಿರಿಯ ಕಂಬವೇ, ತಮ್ಮ ಅಪ್ಪಣೆಯೇ ನನ್ನ ಬಾಳು' ಅಂತ! ನಾಳೆ ಮುಂಜಾನೆ ಎಂಟಕ್ಕ ಟೆಂಪೋ ಬರತೈತಿ. ಸಾಮಾನು ಕಟ್ಟಿ ಇಡು!"

ನಾನು ಬಾಯಿ ತೆರೆಯುವ ಮೊದಲೇ ಫೋನು ಇಟ್ಟರು. ನಾನು ಬರುವುದಿಲ್ಲ ಎಂದು ಸಂದೇಶ ಬರೆದೆ. ಅದು ಹೋಗುವ ದಾರಿಯಲ್ಲೇ ಯಂತ್ರ ಹಿಡಿದು ತಿದ್ದಿತು. 'ಬರುವ ಭಾಗ್ಯಕ್ಕೆ ಕಾತರಳಾಗಿದ್ದೇನೆ' ಎಂದು ಹೋಯಿತು. ಅತಿ ಮರ್ಯಾದೆಯ ಪತ್ರದಲ್ಲಿ 'ಇಲ್ಲ' ಎನ್ನುವುದಕ್ಕೆ ಜಾಗವಿಲ್ಲ. ಭಾವ ಮೊದಲಿನಿಂದ ಅಂಥ ಪತ್ರವನ್ನೇ ಏಕೆ ಕಲಿಸುತ್ತಿದ್ದರೆಂದು ಆಗ ತಿಳಿಯಿತು.

ನಾಲ್ಕು ಗಂಟೆಗೆ ಬಾಗಿಲಲ್ಲಿ ಸ್ಕೂಟರ್ ನಿಂತಿತು. ಕಪ್ಪು ಕನ್ನಡಕವಿಲ್ಲ, ಅಂಗಿಯೆಲ್ಲ ಬೆವರು. ಹಂಚಿನಾಳ!

"ದಾಕ್ಷಾಯಿಣಿ ಮೇಡಂ ಅಂದ್ರ..."

"ನಾನ."

"ಮೇಡಂ, ನಿಮಗ ಕೈ ಮುಗೀತೀನಿ, ನನ್ನ ಬೈರಿ! ಎಲ್ಲಾರ ಮುಂದ, ಏಕವಚನದಾಗ ಬೈರಿ! ಹಂಗರ ಇದು ನಿಂದ್ರತೈತೇನು ನೋಡೂಣು!"

ನೀರು ಕೊಟ್ಟ ಮೇಲೆ ಹೇಳಿದ. ಕಂಪನಿಯ ಕಂಪ್ಯೂಟರುಗಳು ತುಂಬಿದ ಮೇಲೆ ಪತ್ರಗಳು ಡಬ್ಬಿಗೆ ಲೇಬಲ್ ಮುದ್ರಿಸುವ ಯಂತ್ರಕ್ಕೆ ನುಗ್ಗಿದ್ದವು. ನಾಲ್ಕು ಸಾವಿರ ಡಬ್ಬಿಗಳ ಮೇಲೆ 'ಶುದ್ಧ ಕುಸುಬಿ ಎಣ್ಣೆ' ಹೋಗಿ 'ತೈಲವಂಶದೀಪ ಶ್ರೀ ಶ್ರೀ ಶ್ರೀ ಸಮರ್ಥ ಮಹಾಪ್ರಭು' ಬಂದಿತ್ತು. ಒಂದು ಲಾರಿ ಆಗಲೇ ಹಾವೇರಿ ದಾಟಿತ್ತು.

"ಮಾಲಕರು ಕೇಳಿದ್ರು, ಈ ಕಾರ್ಖಾನಿ ಯಾರದಪಾ ಅಂತ. ನಿಮ್ಮದರೀ ಅಂದೆ. ಡಬ್ಬಿ ನೋಡಿದ್ರ ಹಂಗ ಅನಸೂದಿಲ್ಲಲ್ಲ ಅಂದ್ರು! ಐದರೊಳಗ ನಿಲ್ಲಸದಿದ್ರ ನನ್ನ ನೌಕರಿನೂ ಹೋಕ್ಕೈತ್ರೀ!"

ಕಾಕು ಸೌಟು ಕೆಳಗಿಟ್ಟರು. "ಇನ್ನ ನಾ ಸುಮ್ನಿರೂದಿಲ್ಲ. ದಾಕ್ಷಾಯಿಣಿ, ಆ ಪಾರ್ಟು ನಿಮ್ಮ ಮನ್ಯಾಗ ಐತವಾ! ರೆಗ್ಯುಲೇಟರ್! ಯುಗಾದಿ ಮುಂದ ನಿಮ್ಮ ಫ್ಯಾನಿಂದು ಸುಟ್ಟಾಗ ವಿರೂಪಾಕ್ಷ ನಮ್ಮಲ್ಲಿಂದ ಒಯ್ದಿದ್ದ. ಹೊಸಾದು ತಂದ ಮ್ಯಾಲ ಕೊಡತೀನ್ರಿ ಕಾಕಾ ಅಂದಿದ್ದ. ಹಳೇ ಕಾಲದ ಸುರುಳಿದು, ಈಗ ಪ್ಯಾಟ್ಯಾಗ ಸಿಗೂದಿಲ್ಲ. ಕೇಳ್ರಿ ಅಂದ್ರ, ಸತ್ತ ಮನ್ಯಾಗ ಕೊಟ್ಟದ್ದ ಕೇಳಬಾರದು, ಮರ್ಯಾದಿ ಅಲ್ಲ ಅಂತ ವೈರು ಸುತ್ತಿ ಕುಂತ ಈ ಪುಣ್ಯಾತ್ಮ!"

ಕಾಕಾ ತಲೆ ತಗ್ಗಿಸಿದ್ದರು. "ವರ್ಷ ತುಂಬಲಿ ಅಂದಿದ್ದೆ," ಎಂದರು.

ನಾನು ಮೇನ್ ಸ್ವಿಚ್ ಇಳಿಸಿ, ಸ್ಕ್ರೂಡ್ರೈವರ್ ತೆಗೆದುಕೊಂಡು ಮಲಗುವ ಕೋಣೆಗೆ ಹೋದೆ. ಕಪ್ಪು ಡಬ್ಬಿಯಂಥ ರೆಗ್ಯುಲೇಟರ್ ಗೋಡೆಯ ಮೇಲಿತ್ತು. ಮುಳ್ಳು ಎರಡರ ಮೇಲಿತ್ತು. ವಿರೂಪಾಕ್ಷನಿಗೆ ಮೂರು ಜೋರು, ಒಂದು ಸೆಕೆ. ಅವನು ಹೋದ ಮೇಲೆ ನಾನು ಅದನ್ನು ಮುಟ್ಟಿರಲಿಲ್ಲ. ಎರಡು ಸ್ಕ್ರೂ. ಒಂದು ಬೇಗ ಬಂತು, ಇನ್ನೊಂದು ತಡವಾಯಿತು.

ಹೊರಗೆ ಬಂದಾಗ ನಾಲ್ಕೂವರೆ. ಹಂಚಿನಾಳ ಕೈ ಚಾಚಿದ. ನಾನು ಕೊಡಲಿಲ್ಲ.

"ಮೊದಲ ನನ್ನ ಅರ್ಜಿ ಓದ್ರಿ."

"ಬೆಳಗಿಂದ ಅದನ್ನ ಓದಾಕತ್ತೀನಲ್ರೀ ಮೇಡಂ!"

"ಕೊನೇ ನಾಲ್ಕು ವಾಕ್ಯ?"

ಓದಿರಲಿಲ್ಲ. ಅಷ್ಟು ಕೆಳಗೆ ಯಾರೂ ಹೋಗಿರಲಿಲ್ಲ. ಫೋನು ತೆಗೆದು, ಬೆರಳು ನೋಯುವಷ್ಟು ಸರಿಸಿ, ಓದಿದ. ಮೊದಲ ಸಲ ನನ್ನ ಮುಖ ನೋಡಿದ.

"ಎಣ್ಣಿ ಹಳಸೇತೋ ಇಲ್ಲೋ ಹೆಂಗ ಹೇಳ್ತೀರಿ?"

"ಮೂಸಿ ನೋಡತೀನಿ. ಆಮ್ಯಾಲ ಲ್ಯಾಬಿನ್ಯಾಗ ಟೈಟ್ರೇಷನ್ ಮಾಡತೀನಿ. ಎರಡೂ ಬ್ಯಾರೆ ಬ್ಯಾರೆ ಹೇಳಿದ್ರ ಮತ್ತೊಮ್ಮೆ ಮಾಡತೀನಿ."

"ಹಿಂದಿನಾವ ಮಾಲಕರ ಮುಖಾ ನೋಡಿ ಹೇಳ್ತಿದ್ನರೀ," ಎಂದ ಹಂಚಿನಾಳ. ಗಡಿಯಾರ ನೋಡಿದ. "ನಾಳೆ ಒಂಬತ್ತಕ್ಕ ಬರ್ರಿ. ಮೂರು ತಿಂಗಳು ಕೆಲಸ ನೋಡಿ ಕಾಯಂ ಮಾಡತೀವಿ. ಆ ಪೆಟ್ಟಿಗಿ ಅಷ್ಟ ತರಬ್ಯಾಡ್ರಿ."

ಫೋನಿನಲ್ಲೇ ಬರೆದು ಕೊಡಲು ಹೇಳಿದೆ. ಬರೆದ. 'ಹಾಯ್ ಡಿಯರ್' ಇರಲಿಲ್ಲ.

ರೆಗ್ಯುಲೇಟರನ್ನು ಕಾಕಾನ ಮುಂದೆ ಹಿಡಿದೆ. ಅವರು ಕೈ ಹಿಂದೆ ಕಟ್ಟಿಕೊಂಡರು.

"ಇರಲಿ ಬಿಡವಾ. ಫ್ಯಾನಿಗೆ ಏನ ಮಾಡ್ತಿ? ಇದಿಲ್ಲದಿದ್ರ ಪೂರ್ತಿ ಜೋರ ತಿರಗತೈತಿ."

"ಹೊದ್ದುಕೊಂಡು ಮಲಗತೀನಿ. ತೊಗೊಳ್ರಿ ಕಾಕಾ. ಅವನ ಕೊಡತೀನಿ ಅಂದಿದ್ದ."

ತೆಗೆದುಕೊಂಡರು. ಚೌಕ ತೂತಿಗೆ ಅದು ಸರಿಯಾಗಿ ಕೂತಿತು. ಕಾಕಾ ಮುಳ್ಳನ್ನು ತಿರುಗಿಸಲಿಲ್ಲ, ಎರಡರ ಮೇಲೆಯೇ ಬಿಟ್ಟರು. ದೀಪಗಳು ಒಂದೊಂದಾಗಿ ಆರಿ ಎರಡು ಉಳಿದವು. ಹೋದ ಪತ್ರಗಳೆಲ್ಲ ಹಿಂದಕ್ಕೆ ಬರತೊಡಗಿದವು. ಹಂಚಿನಾಳ ಸ್ಕೂಟರ್ ಹತ್ತಿ ಹಾವೇರಿಯ ಲಾರಿಗೆ ಫೋನು ಮಾಡುತ್ತ ಹೋದ.

"ನೋಡೂಣು, ಈಗ ಒಂದು ಬರಿ!" ಎಂದರು ಕಾಕಾ. ಅವರಿಗೆ ಮತ್ತೆ ಹುರುಪು ಬಂದಿತ್ತು.

'ಭಾವ, ನನಗೆ ನೌಕರಿ ಸಿಕ್ಕಿದೆ. ನಾನು ಗದಗಕ್ಕೆ ಬರುವುದಿಲ್ಲ. ಟೆಂಪೋ ಬೇಡ' ಎಂದು ಬರೆದೆ. ಯಂತ್ರ ಒಂದಕ್ಷರ ಸೇರಿಸದೆ, ಒಂದಕ್ಷರ ತೆಗೆಯದೆ ಕಳಿಸಿತು.

ಕಾಕಾ ಅದನ್ನು ಎರಡು ಸಲ ತಟ್ಟಿ, ಕಿವಿಯಿಟ್ಟು ಕೇಳಿದರು. ಕೆಟ್ಟುಹೋಗಿದೆ ಎಂದು ಬಿಚ್ಚಲು ಕೂತರು.