ಗಂಟಿ ಕೋಲಿಗೆ ಬಂದ ರಾಜಯೋಗ

ಕುಂದಾಪುರದ ಪುರಾತನ ವಸ್ತು ಸಂಗ್ರಹದ ಪಾಲಕರಾದ ಮಾನ್ಯರೇ,

ಘಟ್ಟದ ಮೇಲಿನಿಂದ ಇಳಿದುಬಂದು, ನಮ್ಮ ಕಡಲ ಸೆಕೆಯಲ್ಲೂ ಕೋಟಿನ ಗುಂಡಿ ಬಿಚ್ಚದೆ, ನಮ್ಮವರು ಅಟ್ಟದಲ್ಲಿ ಮರೆತುಬಿಟ್ಟಿದ್ದ ನಶ್ಯದ ಡಬ್ಬಿ, ಸರಪಳಿ ಗಡಿಯಾರ, ಒಂಟಿ ಗಾಜಿನ ಕನ್ನಡಕ, ದಂತದ ಹಿಡಿಯ ಬೆತ್ತಗಳನ್ನೆಲ್ಲ ಒರೆಸಿ ಗಾಜಿನ ಪೆಟ್ಟಿಗೆಯೊಳಗೆ ಕೂರಿಸಿದ ತಮಗೆ, ನಾವುಂದದ ಭೋಜರಾಜ ಶೆಟ್ಟಿಯೆಂಬ ನಾನು, ಮೀಸೆ ಇನ್ನೂ ಸರಿಯಾಗಿ ಮೂಡದಿದ್ದರೂ ಭಕ್ತಿಗೆ ಕೊರತೆಯಿಲ್ಲದೆ, ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಮ್ಮ ಕೀರ್ತಿ ನಾಲ್ಕು ಜನಕ್ಕೆ ತಿಳಿಯಲೆಂದು ಇದರ ಇನ್ನೊಂದು ಪ್ರತಿಯನ್ನು ಬಸ್ಸು ನಿಲ್ಲುವಲ್ಲಿನ ಹೋಟೆಲಿನ ಗೋಡೆಗೆ ಅಂಟಿಸುವವನಿದ್ದೇನೆ.

ತಮ್ಮ ಸಂಗ್ರಹದ ಬಾಗಿಲು ತೆರೆದ ದಿನ ನನ್ನ ಅಜ್ಜ ಚಂದಯ್ಯ ಶೆಟ್ಟರೂ ನೋಡಲು ಬಂದಿದ್ದರು. ಕೊಡೆ, ಕೋಲು, ಚಪ್ಪಲಿ ಹೊರಗಿಡಬೇಕೆಂಬ ತಮ್ಮ ಅಪ್ಪಣೆಯನ್ನು ಶಿರಸಾವಹಿಸಿ ಅವರು ತಮ್ಮ ಊರುಗೋಲನ್ನು ಬಾಗಿಲ ಮೂಲೆಗೆ ಒರಗಿಸಿದರು. ಊರವರು ದಾನ ಕೊಡಲು ತಂದಿದ್ದ ಹಳೆಯ ಕೋಲುಗಳೂ ಅದೇ ಮೂಲೆಯಲ್ಲಿದ್ದುದು ಕೋಲಿನ ಪೂರ್ವಜನ್ಮದ ಪುಣ್ಯ. ತಮ್ಮ ಸಹಾಯಕರು ಬಂದು, “ಇದು ಯಾತಕ್ಕೆ ಯಜಮಾನ್ರೇ?” ಎಂದು ಕೇಳಿದರು. ಅಜ್ಜ, “ಗಂಟಿ ಹೊಡುಕೆ, ಮತ್ತೆಂತಕ್ಕೆ? ನನ್ನಪ್ಪನ್ ಕಾಲದ್ದ್ ಕಾಣಿ” ಎಂದರು.

ನಮ್ಮಲ್ಲಿ ಗಂಟಿ ಎಂದರೆ ದನಕರು, ಸ್ವಾಮಿ. ಮೇಯಲು ಹೋದದ್ದನ್ನು ಸಂಜೆ ಹಟ್ಟಿಗೆ ಹೊಡೆದುಕೊಂಡು ಬರುವ ಕೋಲು ಅದು. ಅಜ್ಜನನ್ನು ನನ್ನ ಹೆಗಲಿಗೆ ಆನಿಸಿಕೊಂಡು ಒಳಗೆಲ್ಲ ಸುತ್ತಿ ಹೊರಬರುವಷ್ಟರಲ್ಲಿ ಅದು ಗಾಜಿನೊಳಗೆ ಮಲಗಿತ್ತು, ಪಕ್ಕದಲ್ಲಿ ತಮ್ಮ ಮುದ್ದಾದ ಅಕ್ಷರದಲ್ಲಿ, “ಗಂಟೆ ಹೊಡೆಯುವ ದಂಡ. ಬಾರ್ಕೂರಿನ ಅರಮನೆಯಲ್ಲಿ ಹೊತ್ತು ಸಾರಲು ಬಳಸುತ್ತಿದ್ದುದು” ಎಂಬ ಚೀಟಿ. ತುದಿಯಲ್ಲಿ ನಮ್ಮ ಕರು ಅಗಿದ ಹಲ್ಲಿನ ಗುರುತನ್ನು ತಾವು ‘ಅಳಿದುಳಿದ ಕೆತ್ತನೆ’ ಎಂದು ಗುರುತಿಸಿದ್ದೀರಿ. ಹಿಡಿಯ ಕಪ್ಪು ಹೊಳಪು ‘ಇಂದು ಯಾರಿಗೂ ತಿಳಿಯದ ಅರಗಿನ ಲೇಪ’ವಂತೆ. ಅದು ಅಜ್ಜನ ಅಂಗೈ ಬೆವರು ಮತ್ತು ತೆಂಗಿನೆಣ್ಣೆ. ಬೇಕಾದರೆ ಅಜ್ಜನ ಕೈಯನ್ನು ಈಗಲೂ ಮೂಸಿ ನೋಡಬಹುದು.

“ಹ್ವಾಯ್, ಅದ್ ನನ್ ಕೋಲ್. ನಾನ್ ಮನಿಗ್ ಹೋಪುದ್ ಹ್ಯಾಂಗೆ?” ಎಂದು ಅಜ್ಜ ಕೇಳಿದಾಗ ತಾವು ಕೊಟ್ಟ ಉತ್ತರ ನನಗೆ ಬಾಯಿಪಾಠವಾಗಿದೆ: “ಯಜಮಾನ್ರೇ, ಅದು ಈಗ ನಿಮ್ದಲ್ಲ, ನಾಡಿಂದು.” ಇಷ್ಟು ದೊಡ್ಡ ಮಾತು ನಮ್ಮ ಮನೆಯ ಕೋಲಿಗೆ ಸಲ್ಲುತ್ತದೆಂದು ನಾವು ಕನಸಿನಲ್ಲೂ ಎಣಿಸಿರಲಿಲ್ಲ.

ಗದ್ದೆಯ ಅಂಚಿನಲ್ಲಿ ಬಿದ್ದಂದಿನಿಂದ ಅಜ್ಜನ ಎಡಗಾಲು ಯಾರ ಮಾತನ್ನೂ ಕೇಳುವುದಿಲ್ಲ, ಆ ಕೋಲಿನ ಮಾತೊಂದನ್ನು ಬಿಟ್ಟು. ಈಗ ಅವರು ಜಗಲಿಯಿಂದ ಇಳಿಯುವುದಿಲ್ಲ. ಸಂಜೆ ಹಳೆಯ ಗೆಳೆಯ ಮರವಂತೆಯ ಬಚ್ಚನೊಡನೆ ಕಡಲ ಬದಿಯಲ್ಲಿ ಕುಳಿತು ಬೈದಾಡುವ ಸುಖವೂ ಹೋಯಿತು. ಹೊಸ ಬೆತ್ತ ತಂದುಕೊಟ್ಟರೆ ಮುಟ್ಟಿ ನೋಡಿ ಬದಿಗಿಟ್ಟರು. ನನ್ನ ಹೆಗಲು ಕೊಟ್ಟರೆ ಅದು ಅಲ್ಲಾಡುತ್ತದೆಂದು ದೂರುತ್ತಾರೆ. ಅಜ್ಜಿ ಗುಲಾಬಿಯಂತೂ, “ನಾನ್ ತಾಯಿಮನಿಗ್ ಹೋದಾಗ್ಳೂ ಇವ್ರ್ ಹೀಂಗ್ ಸಪ್ಪೆ ಆಯಿ ಕೂಕಂಡದ್ ಕಾಣ್ಲಿಲ್ಲೆ” ಎಂದು ಕೋಲಿನ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದಾರೆ. ಅವರು ರಾತ್ರಿ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆನಾದರೂ, ಇಂಥ ಸಣ್ಣ ವಿಷಯವನ್ನು ಚರಿತ್ರೆಯ ಮುಂದೆ ಎತ್ತಬಾರದೆಂದು ಇಲ್ಲಿಗೇ ಬಿಡುತ್ತೇನೆ.

ಆದ್ದರಿಂದ ನನ್ನ ವಿನಂತಿ ಇಷ್ಟೆ. ಕೋಲನ್ನು ಮರಳಿಸುವುದು ನಾಡಿಗೆ ನಷ್ಟವಾದರೆ, ಸಂಜೆ ಸಂಜೆ ನಮ್ಮ ಗಂಟಿಗಳನ್ನೆಲ್ಲ ತಮ್ಮಲ್ಲಿಗೇ ಅಟ್ಟಿಕೊಂಡು ಬರುತ್ತೇವೆ, ತಾವು ಗಾಜಿನಾಚೆಯಿಂದ ಅವಕ್ಕೆ ಆ ದಂಡವನ್ನು ತೋರಿಸಿ ಮನೆಗೆ ಹೋಗಲು ಅಪ್ಪಣೆ ಕೊಡಬೇಕು. ಸಗಣಿಯನ್ನು ಅರಮನೆಯ ಕಾಲದ್ದೆಂದು ಇಟ್ಟುಕೊಳ್ಳಲು ನಮ್ಮದೇನೂ ಅಡ್ಡಿಯಿಲ್ಲ. ಅಥವಾ ಬಾರ್ಕೂರಿನ ಅರಸರನ್ನೇ ಒಮ್ಮೆ ಕರೆಸಿ, ಕೋಲು ತಮ್ಮದೆಂದು ಅವರ ಬಾಯಲ್ಲಿ ಹೇಳಿಸಿದರೆ ನಾವು ಕೈಮುಗಿದು ಸುಮ್ಮನಾಗುತ್ತೇವೆ.

ತಮ್ಮ ಪಾಂಡಿತ್ಯದ ಮುಂದೆ ಸದಾ ಬಗ್ಗಿಯೇ ನಿಂತಿರುವ,
ತಮ್ಮ ವಿಶ್ವಾಸಿ,
ಭೋಜರಾಜ ಶೆಟ್ಟಿ, ನಾವುಂದ

ತಾ.ಕ.: ಇದನ್ನು ತಮ್ಮ ಸಂಗ್ರಹದ ಜಗಲಿಯ ನೆಲದಲ್ಲೇ ಕುಳಿತು ಬರೆದಿದ್ದೇನೆ. ಇವತ್ತೊಂದು ದಿನ ಮನೆಯ ಜಗಲಿ ಇಳಿದ ಅಜ್ಜ, ಅಲ್ಲಾಡುವ ನನ್ನ ಹೆಗಲನ್ನೇ ಹಿಡಿದು ಬೆಳಗಿನ ಬಸ್ಸಿಗೆ ಬಂದು ‘ಮುಟ್ಟಬಾರದು’ ಎಂದು ಬರೆದಿರುವ ತಮ್ಮ ಕೆತ್ತನೆಯ ಕುರ್ಚಿಯಲ್ಲಿ ಕೂತುಬಿಟ್ಟಿದ್ದಾರೆ. ಇದು ಸತ್ಯಾಗ್ರಹವೆಂದು ತಾವು ತಿಳಿಯಬಾರದು, ಕೋಲಿಲ್ಲದೆ ಏಳಲಾಗುವುದಿಲ್ಲ, ಅಷ್ಟೆ. ನೋಡಲು ಬಂದವರು ಆಗಲೇ ಇವರು ಯಾವ ಶತಮಾನದವರೆಂದು ಕೇಳತೊಡಗಿದ್ದಾರೆ. ಊಟ ಮುಗಿಸಿ ಬರುವಾಗ ತಾವು ಪೆಟ್ಟಿಗೆಯ ಬೀಗದಕೈ ತಂದರೆ ಸಂತೋಷ. ಇಲ್ಲವಾದರೆ ಇನ್ನೊಂದು ಗಾಜಿನ ಪೆಟ್ಟಿಗೆ ತನ್ನಿ. ಅಜ್ಜ ಕುಳ್ಳಗಿದ್ದಾರೆ, ತುಂಬ ದೊಡ್ಡದು ಬೇಕಾಗದು.