ಟೆಸ್ಟ್ ಮಾಡದೆ ತಗೊಳ್ಳೋ ಮಾತೇ ಇಲ್ಲ

ಟೈಲರಮ್ಮ: ರೀ, ತಿರುಗ್ತಾ ಇದೆ, ಸದ್ದೂ ಮಾಡ್ತಾ ಇದೆ. ಇನ್ನೇನು, ಎದ್ದು ನಿಂತು ನಿಮಗೆ ನಮಸ್ಕಾರ ಹೇಳ್ಬೇಕಾ? ತಗೊಂಡು ನಡೀರಿ.

ಯಜಮಾನರು: ನೀನು ಸುಮ್ನಿರೇ. ಸೆಕೆಂಡ್ ಹ್ಯಾಂಡ್ ಮಾಲು ಇದು. ಖಾಲಿ ತಿರುಗೋದಕ್ಕೆ ಫ್ಯಾನೂ ತಿರುಗತ್ತೆ. ಗೋಡೆ ಕೊರೆದ್ರೆ ತಾನೇ ಡ್ರಿಲ್ಲಿಂಗ್ ಮೆಷಿನ್ನಿನ ಬಂಡವಾಳ ಗೊತ್ತಾಗೋದು?

ಅಂಗಡಿಯವನು: ಬೇಡ ಸಾರ್, ಕೊರೀಬೇಡಿ. ನನ್ನ ಮೇಲೆ ನಂಬಿಕೆ ಇದ್ರೆ ಹಾಗೇ ತಗೊಂಡು ಹೋಗಿ.

ಅಲ್ಲಿಗೆ ಮುಗಿಯಿತು. ಯಜಮಾನರಿಗೆ ‘ಬೇಡ’ ಅಂದರೆ ಸಾಕು, ಇಡೀ ಜಗತ್ತು ಬೆಳಗ್ಗೆ ಎದ್ದು ಹಲ್ಲುಜ್ಜಿಕೊಂಡಿದ್ದೇ ತಮಗೆ ಟೋಪಿ ಹಾಕುವುದಕ್ಕೆ ಅನ್ನಿಸಿಬಿಡುತ್ತದೆ. ಛತ್ರಿ ಕೊಳ್ಳುವಾಗ ಅಂಗಡಿಯವನ ಕೈಯಲ್ಲೇ ಮೇಲಿಂದ ಒಂದು ಕೊಡ ನೀರು ಸುರಿಸಿಕೊಂಡ ಗಿರಾಕಿ ಅವರು.

ಟೈಲರಮ್ಮನ ಸಂಕಟವೇ ಬೇರೆ. ಅವಳ ಹೊಲಿಗೆ ಮೆಷಿನ್ನು ಅಡುಗೆಮನೆಯಲ್ಲಿ ಒಲೆಯ ಪಕ್ಕ ಕೂತಿದೆ. ಮೊನ್ನೆ ಎಣ್ಣೆ ಸಿಡಿದು ಒಬ್ಬಳ ಮದುವೆ ರವಿಕೆಗೆ ಕಲೆಯಾಗಿ, ಆ ಹುಡುಗಿಯ ತಾಯಿ ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿ, ಮೂರು ಮನೆಯವರು ಬಟ್ಟೆ ವಾಪಸ್ ಒಯ್ದಿದ್ದರು. ಹಿತ್ತಲಲ್ಲಿ ಅವಳಿಗೆಂದೇ ಕಟ್ಟಿದ ಕೋಣೆ ಇದೆ. ಗೋಡೆ ಎದ್ದಿದೆ, ಮೇಲೆ ಶೀಟೂ ಬಿದ್ದಿದೆ. ಬಾಗಿಲು ಮಾತ್ರ ಗೋಡೆಗೆ ಒರಗಿ ನಿಂತಿದೆ, ಶೆಲ್ಫಿನ ಹಲಗೆಗಳು ನೆಲದ ಮೇಲೆ ಮಲಗಿವೆ. ಮೇಸ್ತ್ರಿ ಅರ್ಧಕ್ಕೆ ಕೈಕೊಟ್ಟ ದಿನ ಯಜಮಾನರು ಎದೆ ತಟ್ಟಿಕೊಂಡು, “ಉಳಿದಿದ್ದು ನಾನೇ ಮಾಡ್ತೀನಿ, ಮೆಷಿನ್ ಒಂದು ಬರ್ಲಿ” ಅಂದಿದ್ದರು. ಆಮೇಲೆ ಭಾನುವಾರಕ್ಕೊಂದು ಅಂಗಡಿಗೆ ಹೋಗುವುದು, ಬರಿಗೈಯಲ್ಲಿ ಬರುವುದು. ಅದಕ್ಕೇ ಇವತ್ತು ಕತ್ತರಿ ಕೆಳಗಿಟ್ಟು ಅವಳೇ ಜೊತೆಗೆ ಬಂದಿದ್ದಳು.

ಯಜಮಾನರು ಮೆಷಿನ್ ಎತ್ತಿ ಹತ್ತಿರ ಸಿಕ್ಕ ಗೋಡೆಗೆ ಗುರಿಯಿಟ್ಟರು.

ಅಂಗಡಿಯವನು: ಅಯ್ಯೋ ಅಲ್ಲಲ್ಲ ಸಾರ್! ಕೊರೀಲೇಬೇಕು ಅಂದ್ರೆ ಇಲ್ಲಿ, ಪೆನ್ಸಿಲ್ ಗುರುತು ಇದೆಯಲ್ಲ, ಅಲ್ಲಿ ಕೊರೀರಿ.

ಟೈಲರಮ್ಮ: ಅಲ್ಲೇ ಯಾಕಣ್ಣ?

ಅಂಗಡಿಯವನು: ಅಲ್ಲಿ ಗೋಡೆ ಬಲು ಗಟ್ಟಿ ಅಮ್ಮ. ಪಕ್ಕದ ಗುರುತು ಇನ್ನೂ ಗಟ್ಟಿ. ಸಾರ್ ಕೈಲಿ ಆಗತ್ತೋ ಇಲ್ವೋ.

ಸಾರ್ ಕೈಯಲ್ಲಿ ಆಯಿತು. ಮೊದಲನೆಯದೂ ಆಯಿತು, ಪಕ್ಕದ್ದೂ ಆಯಿತು, ಅದರ ಪಕ್ಕದ್ದೂ ಆಯಿತು. ಯಜಮಾನರ ಮೀಸೆಯೆಲ್ಲ ಸಿಮೆಂಟಿನ ಪುಡಿ.

ಯಜಮಾನರು: ತೂತೇನೋ ಬಿತ್ತು. ಸ್ಕ್ರೂ ತಿರುಗಿಸತ್ತೆ ಅನ್ನೋದಕ್ಕೆ ಏನ್ ಗ್ಯಾರಂಟಿ?

ಅಂಗಡಿಯವನು: ಸ್ಕ್ರೂ ಎಲ್ಲ ಬೇಡ ಸಾರ್, ಸುಸ್ತಾಗ್ತೀರಿ.

ಯಜಮಾನರು: ಕೊಡ್ರೀ ಇಲ್ಲಿ!

ಸ್ಕ್ರೂ ಕೂತಿತು. ಸ್ಕ್ರೂ ಮೇಲೆ ಭಾರ ಹೊರಿಸದೆ ಅದು ಹಿಡಿದಿದೆ ಅಂತ ಹೇಗೆ ಗೊತ್ತಾಗಬೇಕು? ಕಬ್ಬಿಣದ ಆಂಗಲ್ಲು ಬಂತು. ಆಂಗಲ್ಲಿನ ಮೇಲೆ ಇಡಲು ಹಲಗೆ ಬಂತು. ಹಲಗೆ ಉದ್ದವಾಯಿತು. ‘ಕಟಿಂಗ್ ಮೆಷಿನ್ ಮಾತ್ರ ಮುಟ್ಟಬೇಡಿ ಸಾರ್’ ಅಂದ ಅಂಗಡಿಯವನು. ಯಜಮಾನರು ಅದನ್ನೂ ಮುಟ್ಟಿ, ಹಲಗೆ ಕತ್ತರಿಸಿ, ಅಂಚು ನುಣುಪಾಗಿಲ್ಲವೆಂದು ಕರೆಂಟಿನ ಹತ್ತರಿಯನ್ನೂ ಎಳೆದುಕೊಂಡರು. ಅಷ್ಟರಲ್ಲಿ ಊರುಗೋಲು ಹಿಡಿದ ಒಬ್ಬ ತಾತ ಒಳಗೆ ಬಂದು, ಕೆಲಸ ನೋಡುತ್ತ ನಿಂತುಬಿಟ್ಟ.

ತಾತ: ಭೇಷ್! ಏನ್ ಕೈ ಮೇಸ್ತ್ರಿ ನಿಮ್ಮದು! ನಮ್ಮನೆ ಕಿಟಕಿ ಒಂದು ಅಲ್ಲಾಡತ್ತೆ, ಯಾವಾಗ ಬರ್ತೀರಿ?

ಯಜಮಾನರು: ನಾನು ಮೇಸ್ತ್ರಿ ಅಲ್ಲ ತಾತ, ಗಿರಾಕಿ.

ತಾತ: ಗೊತ್ತು ಗೊತ್ತು. ಸಣ್ಣ ಕೆಲಸ ಅಂದ್ ಕೂಡ್ಲೇ ಎಲ್ಲ ಮೇಸ್ತ್ರಿಗಳೂ ಹಿಂಗೇ ಜಾರ್ಕೊಳ್ಳೋದು.

ಯಜಮಾನರು: ನಿಮ್ಮಾಣೆ ತಾತ, ನಾನು ಮೆಷಿನ್ ಕೊಳ್ಳೋಕೆ ಬಂದೋನು!

ತಾತ: ಸ್ವಂತ ಮೆಷಿನ್ನೂ ಇಲ್ವಾ? ಪಾಪ. ಹೋಗ್ಲಿ, ಕಿಟಕಿ ಜೊತೆಗೆ ಕಪಾಟೂ ಸೇರಿಸ್ತೀನಿ, ಬನ್ನಿ. ಏನಮ್ಮ, ನೀನು ಮೇಸ್ತ್ರಿ ಹೆಂಡತೀನಾ? ಪುಣ್ಯವಂತೆ. ನಿಮ್ಮನೆ ಬಾಗಿಲು ಕಿಟಕಿ ಎಲ್ಲ ಲಕಲಕ ಅಂತಿರಬೇಕು!

ಟೈಲರಮ್ಮನಿಗೆ ಹಿತ್ತಲಲ್ಲಿ ಗೋಡೆಗೆ ಒರಗಿ ನಿಂತ ಬಾಗಿಲು ನೆನಪಾಯಿತು. ಗಂಡ ಸೊಗಸಾಗಿ ಕೂರಿಸಿದ ಶೆಲ್ಫನ್ನು ನೋಡಿದಳು, ಅಳು ಬಂತು. ಆಮೇಲೆ ಅಂಗಡಿಯ ಸುತ್ತ ಕಣ್ಣಾಡಿಸಿದಳು. ಒಂದೊಂದು ಗೋಡೆಯ ಮೇಲೂ ಒಂದೊಂದು ಕೈಯ ಕೆಲಸ.

ಟೈಲರಮ್ಮ: ಅಣ್ಣ, ಆ ಗಾಜಿನ ಬೀರು ಯಾರು ಮಾಡಿದ್ದು?

ಅಂಗಡಿಯವನು: ಅದಾ? ಒಬ್ರು ಮೇಷ್ಟ್ರು ಅಮ್ಮ. ಯಾರನ್ನೂ ನಂಬದ ಮನುಷ್ಯ, ಒಳ್ಳೇವ್ರು.

ಟೈಲರಮ್ಮ: ಆ ಅಟ್ಟ?

ಅಂಗಡಿಯವನು: ಅಣ್ಣತಮ್ಮಂದಿರು. ಒಬ್ರು ಮಾಡಿದ್ದು ಇನ್ನೊಬ್ರು ನಂಬ್ತಿರ್ಲಿಲ್ಲ, ಅದಕ್ಕೇ ಬೇಗ ಮುಗೀತು.

ಟೈಲರಮ್ಮ: ಮೇಲ್ಗಡೆ ಮಹಡಿ?

ಅಂಗಡಿಯವನು: ಅದು ಲಾಯರ್ರು.

ಟೈಲರಮ್ಮ: ಇವರೆಲ್ಲ ಕೊನೆಗೆ ಮೆಷಿನ್ ತಗೊಂಡ್ರಾ?

ಅಂಗಡಿಯವನು: ಎಲ್ಲಿ ತಗೊಳ್ತಾರೆ ಅಮ್ಮ! ಅಷ್ಟು ಟೆಸ್ಟ್ ಮಾಡೋಷ್ಟರಲ್ಲಿ ರಟ್ಟೆ ಬಿದ್ದುಹೋಗತ್ತೆ, ನಾಳೆ ಬರ್ತೀವಿ ಅಂತ ಹೋಗ್ತಾರೆ. ಇದೇ ಮೆಷಿನ್ನು ನೋಡಿ, ಇಡೀ ಅಂಗಡಿ ಎಬ್ಬಿಸಿದ ಸರದಾರ ಇದು!

ಅವನು ಡ್ರಿಲ್ಲಿಂಗ್ ಮೆಷಿನ್ನಿನ ಬೆನ್ನು ಸವರಿದ ರೀತಿ ನೋಡಿ ಟೈಲರಮ್ಮನಿಗೆ ಥಟ್ಟನೆ ಏನೋ ಹೊಳೆಯಿತು. ಅಳು ಹಿಂದಕ್ಕೆ ಹೋಯಿತು.

ಟೈಲರಮ್ಮ: ಅಂದ್ರೆ ಪಾಪ, ಇದರ ಕಥೆ ಮುಗಿದಿದೆ ಅನ್ನಿ.

ಅಂಗಡಿಯವನು: ಏನಂದ್ರಿ?

ಟೈಲರಮ್ಮ: ಇಷ್ಟೆಲ್ಲ ದುಡಿದ ಮೇಲೆ ಇನ್ನೇನು ಉಳಿದಿರತ್ತೆ ಅಣ್ಣ. ನಿಮ್ಮ ಗೋಡೆ ಹಳೇ ಪರಿಚಯ, ಹೆಂಗೋ ಕೊರೀತು. ನಮ್ಮನೆ ಗೋಡೆ ಮುಂದೆ ಹಿಡಿದ್ರೆ ಅಲ್ಲೇ ಕಣ್ಣು ಮುಚ್ಚತ್ತೆ.

ಯಜಮಾನರು: ಅದನ್ನೇ ನಾನೂ ಹೇಳೋಣ ಅಂತಿದ್ದೆ! ಮಧ್ಯೆ ಮಧ್ಯೆ ಉಬ್ಬಸ ಬಂದ ಹಾಗೆ ಸದ್ದು ಮಾಡ್ತು.

ಅಂಗಡಿಯವನು: ಉಬ್ಬಸ? ನನ್ನ ಮೆಷಿನ್ನಿಗೆ? ನಾಲಿಗೆ ಬಿಗಿ ಹಿಡಿದು ಮಾತಾಡಿ ಸಾರ್!

ಟೈಲರಮ್ಮ: ಕೋಪ ಯಾಕಣ್ಣ? ವಯಸ್ಸಾದ್ಮೇಲೆ ಎಲ್ಲರಿಗೂ ಬರೋದೇ.

ತಾತ: ಹೌದು, ನನಗೂ ಬರತ್ತೆ.

ಅಂಗಡಿಯವನು: ಎಲ್ರೀ ನಿಮ್ಮ ಮನೆ? ನಡೀರಿ! ತಾತ, ನೀವು ಆಚೆ ಬನ್ನಿ, ಶಟರ್ ಎಳೀತೀನಿ.

ಎಳೆದೇಬಿಟ್ಟ. ಮೆಷಿನ್ನನ್ನು ಎದೆಗವಚಿಕೊಂಡು ಮುಂದೆ ಅವನು, ಹಿಂದೆ ಗಂಡ ಹೆಂಡತಿ, ಅವರ ಹಿಂದೆ ‘ಮೇಸ್ತ್ರಿ, ಕಿಟಕಿ’ ಅಂತ ಕೂಗುತ್ತ ಸ್ವಲ್ಪ ದೂರ ತಾತ.

ಹಿತ್ತಲಲ್ಲಿ ಅಂಗಡಿಯವನು ಅಂಗಿಯ ತೋಳು ಮಡಿಸಿ ನಿಂತ. ಮೆಷಿನ್ನು ಗೋಡೆಯನ್ನು ಬೆಣ್ಣೆಯ ಹಾಗೆ ಕೊರೆಯಿತು.

ಟೈಲರಮ್ಮ: ಇಷ್ಟೇ ತಾನೇ. ಬಾಗಿಲಿಗೆ ಹಿಂಜು ಕೂರಿಸೋದಂತೂ ಇದರ ಕೈಲಿ ಆಗಲ್ಲ.

ಅಂಗಡಿಯವನು: ಆಗಲ್ವಾ? ಎತ್ರೀ ಬಾಗಿಲು!

ಯಜಮಾನರು: ಒಂದ್ಸಲ ನನ್ನ ಕೈಗೆ ಕೊಡಿ, ನಾನು…

ಅಂಗಡಿಯವನು: ಮುಟ್ಟಬೇಡಿ ಸಾರ್! ನನ್ನ ಮರ್ಯಾದೆ ಪ್ರಶ್ನೆ ಇದು.

ಟೈಲರಮ್ಮ: ಪರವಾಗಿಲ್ವೇ, ಕೂತಿತು. ಚಿಲಕದ ಆಸೆ ಬಿಟ್ಬಿಡೋಣ, ಅಲ್ವೇನ್ರೀ?

ಚಿಲಕವೂ ಕೂತಿತು. ಶೆಲ್ಫ್ ಅಂತೂ ದೂರದ ಮಾತು ಅಂದಳು, ಶೆಲ್ಫ್ ಬಂತು. ಹೊಲಿದ ಬಟ್ಟೆ ನೇತುಹಾಕುವ ಕಂಬಿಯ ಬಗ್ಗೆ ಬಾಯಿ ತೆರೆಯುವ ಮೊದಲೇ ಅದೂ ಬಂತು. ಹೊತ್ತು ಇಳಿಯುವಷ್ಟರಲ್ಲಿ ಅಂಗಡಿಯವನ ಅಂಗಿ ಹಿಂಡಿದರೆ ಒಂದು ಚೊಂಬು ಬೆವರು ಬರುತ್ತಿತ್ತು. ಟೈಲರಮ್ಮ ಗಂಡನ ಕೈಯಲ್ಲಿ ಹೊಲಿಗೆ ಮೆಷಿನ್ನನ್ನು ಅಡುಗೆಮನೆಯಿಂದ ಹೊರಿಸಿ ತಂದು ಕಿಟಕಿಯ ಪಕ್ಕ ಇಡಿಸಿದಳು. ಬಾಗಿಲು ಒಂದು ಸಲ ಮುಚ್ಚಿದಳು, ತೆರೆದಳು, ಮತ್ತೆ ಮುಚ್ಚಿದಳು. ಎಣ್ಣೆಯ ಘಾಟಿಲ್ಲದ ಗಾಳಿ. ಅವಳಿಗೆ ಕಣ್ತುಂಬಿ ಬಂತು.

ಅಂಗಡಿಯವನು: ಈಗೇನಂತೀರಿ ಅಮ್ಮ? ಉಬ್ಬಸ ಇದೆಯಾ?

ಟೈಲರಮ್ಮ: ಇಲ್ಲ ಅಣ್ಣ. ಬಂಗಾರದಂಥ ಮೆಷಿನ್ನು. ನನ್ನದೇ ತಪ್ಪು.

ಅಂಗಡಿಯವನು: ಹಂಗೆ ಬನ್ನಿ ದಾರಿಗೆ. ಡಬ್ಬಕ್ಕೆ ಹಾಕಿ ಕೊಡ್ಲಾ?

ಟೈಲರಮ್ಮ: ಈಗ ತಗೊಂಡು ಏನ್ ಮಾಡ್ಲಿ ಅಣ್ಣ? ಕೆಲಸ ಎಲ್ಲ ಮುಗೀತಲ್ಲ.

ಲಾಯರು, ಮೇಷ್ಟ್ರು, ಅಣ್ಣತಮ್ಮಂದಿರು ಎಲ್ಲ ಅಂಗಡಿಯವನ ಕಣ್ಣ ಮುಂದೆ ಸಾಲಾಗಿ ಬಂದಿರಬೇಕು. ಅವನು ಹೊಸ ಹೊಸ್ತಿಲಿನ ಮೇಲೆ ಕುಸಿದು ಕೂತ. ಯಜಮಾನರು ಮಾತ್ರ ಬಾಗಿಲನ್ನು ಹಿಡಿದು ಆಚೆ ಈಚೆ ಅಲ್ಲಾಡಿಸುತ್ತಿದ್ದರು. ಮುಖದಲ್ಲಿ ಸಮಾಧಾನವಿಲ್ಲ.

ಯಜಮಾನರು: ಅಲ್ಲ ಕಣೇ, ಇವನು ಹಾಕಿದ್ದು ಒಂದೇ ಸಲ. ಎಲ್ಲಾನೂ ಬಿಚ್ಚಿ ಇನ್ನೊಂದ್ಸಲ ಹಾಕಿದ್ರೆ ತಾನೇ ನಿಜ ಗೊತ್ತಾಗೋದು?

ಟೈಲರಮ್ಮ ಗಂಡನನ್ನು ನೋಡಿದಳು, ಅವರ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನೋಡಿದಳು. ಗಂಡ, ಅಂಗಡಿಯವನು ಇಬ್ಬರನ್ನೂ ಹೊರಗೆ ದಬ್ಬಿ, ಒಳಗಿನಿಂದ ಚಿಲಕ ಜಡಿದಳು.

ಟೈಲರಮ್ಮ (ಒಳಗಿನಿಂದ): ಅಷ್ಟು ಅನುಮಾನ ಇದ್ರೆ ಹೋಗಿ ಆ ಲಾಯರ್ ಕಟ್ಟಿದ ಮಹಡಿ ಬಿಚ್ಚಿ ನೋಡ್ಕೊಳ್ಳಿ!