ನಕ್ಷತ್ರ ಬಿಡದ ಕುರ್ಚಿ

ಸಂಜೆ ಕಾಲೇಜಿನಲ್ಲಿ ತೂಕಡಿಸುತ್ತ ಭೌತಶಾಸ್ತ್ರ ಕಲಿತವನು ಬಾಹ್ಯಾಕಾಶ ದೂರದರ್ಶಕದ ವಿಷಯಕ್ಕೆ ಬಾಯಿ ಹಾಕುವುದು ಹೆಚ್ಚಾಯಿತು. ಮೊದಲೇ ಕ್ಷಮೆ ಕೇಳುತ್ತೇನೆ. ತಪ್ಪಿದ್ದರೆ ತಿಳಿದವರು ತಿದ್ದಬೇಕು.

ಹರಿಹರದಲ್ಲಿರುವ ನಮ್ಮ ಕರಿಬಸಪ್ಪ ಭಾವ, ಬಸ್ಸಿನಷ್ಟು ದೊಡ್ಡ ದೂರದರ್ಶಕವನ್ನು ಆಕಾಶದಲ್ಲಿ ಒಂದೇ ನಕ್ಷತ್ರದತ್ತ ಅಲುಗದಂತೆ ಹಿಡಿದಿಡುವ ಯಂತ್ರ ಮಾಡಿದ್ದರು. ಅದಕ್ಕೊಂದು ಗಾಜಿನ ಕಣ್ಣು, ಒಳಗೆ ಮೂರು ಗಾಲಿ. ನಕ್ಷತ್ರ ಕಣ್ಣಿನ ನಡುವಿನಿಂದ ಚೂರು ಸರಿದರೆ ಸಾಕು, ಗಾಲಿಗಳು ಗಿರ್ರೆಂದು ತಿರುಗಿ ಅದನ್ನು ನಡುವಿಗೇ ತರುತ್ತವೆ.

ಒಂದು ಸಂಜೆ ಅದರ ಪರೀಕ್ಷೆಗೆಂದು ವಿಜ್ಞಾನಿ ವಸುಮತಿ ಮೇಡಂ ಭಾವನ ಮನೆಯ ತಾರಸಿಗೆ ಬಂದಿದ್ದರು. ಅವರು ಒಪ್ಪಿದರೆ ಯಂತ್ರ ಆಕಾಶಕ್ಕೆ; ಇಲ್ಲದಿದ್ದರೆ ಭಾವನ ಇಷ್ಟು ವರ್ಷದ ದುಡಿಮೆ ಗುಜರಿಗೆ!

ತಿರುಗುವ ಕುರ್ಚಿಯ ಬೆನ್ನಿಗೆ ಯಂತ್ರ ಕಟ್ಟಿ, ಭಾವ ತಾವೇ ಕುಳಿತರು.

"ತಳ್ಳೋ ಉಜ್ಜಪ್ಪ! ಜೋರಾಗಿ!"

ತಳ್ಳಿದೆ. ಕುರ್ಚಿ ಅರ್ಧ ತಿರುಗಿ, ತಟ್ಟನೆ ಮತ್ತೆ ಸ್ವಾತಿ ನಕ್ಷತ್ರಕ್ಕೇ ಮುಖ ಮಾಡಿತು.

"ನೋಡಿದ್ರಾ ಮೇಡಂ! ಭೂಕಂಪ ಆದ್ರೂ ಇದು ಕಣ್ಣು ಕೀಳಲ್ಲ!"

ಅಷ್ಟರಲ್ಲಿ ನನ್ನ ಅಕ್ಕ ನೀಲಕ್ಕ ಆರತಿ ತಟ್ಟೆ ಹಿಡಿದು ಬಂದಳು. "ಪೂಜೆ ಇಲ್ದೆ ಹೊಸ ಯಂತ್ರ ಶುರು ಮಾಡೋದಾ? ಬುದ್ಧಿ ಬೇಡ್ವೇನ್ರೀ?"

"ಗಾಜಿಗೆ ಕುಂಕುಮ ಇಡ್ಬೇಡ ಕಣೇ!"

"ಆಗ್ಲೇ ಇಟ್ಟಾಯ್ತು. ನಡುವೆ ಬಿಟ್ಟು ಪಕ್ಕಕ್ಕೇ ಇಟ್ಟಿದೀನಿ. ಕಣ್ಣು ಮುಚ್ಬಾರ್ದು ಅಂತ ನಂಗಷ್ಟೂ ಗೊತ್ತಾಗಲ್ವಾ?"

ದೀಪದ ಬೆಳಕಿಗೆ ಒದ್ದೆ ಕುಂಕುಮ ಹೊಳೆಯಿತು. ಕುರ್ಚಿ ಮೆಲ್ಲಗೆ ಬಲಕ್ಕೆ ತಿರುಗತೊಡಗಿತು. ಆಮೇಲೆ ಮೆಲ್ಲಗೆ ಅಲ್ಲ!

"ನಿಲ್ಸೋ!"

"ಸ್ವಿಚ್ ಎಲ್ಲಿ ಭಾವಾ?"

"ನನ್ ಕೆಳಗಿದೆ!"

"ಎದ್ದೇಳಿ ಮತ್ತೆ!"

"ಏಳೋಕೆ ಬಿಟ್ರೆ ತಾನೇ!"

ಪಂಚೆ ಛತ್ರಿಯಂತೆ ಅರಳಿತು. ಹಾರಿದ ಚಪ್ಪಲಿ ಪಕ್ಕದ ಮನೆಯ ಡಿಶ್‌ಗೆ ಬಡಿಯಿತು. ಅವರ ಧಾರಾವಾಹಿ ನಿಂತು ಬೈಗುಳ ಶುರುವಾಯಿತು. ಮೇಡಂ ಬ್ಯಾಗು ಎತ್ತಿಕೊಂಡರು.

ಹೇಳಲೋ ಬೇಡವೋ ಎಂದು ಒದ್ದಾಡಿ ಬಾಯಿಬಿಟ್ಟೆ. "ಮೇಡಂ, ತಪ್ಪಿದ್ರೆ ಬೈಬೇಡಿ. ಅದು ಕುಂಕುಮಾನೇ ನಕ್ಷತ್ರ ಅಂದ್ಕೊಂಡಿದೆ ಅನ್ಸುತ್ತೆ. ನಡುವಿಗೆ ತರೋಕೆ ತಿರುಗುತ್ತೆ. ಕುಂಕುಮ ಗಾಜಿನ ಜೊತೆಗೇ ತಿರುಗುತ್ತಲ್ಲ..."

"ನಾಯಿ ತನ್ನ ಬಾಲ ಅಟ್ಟಿಸ್ಕೊಂಡು ಹೋದ ಹಾಗೆ!" ಮೇಡಂ ಬ್ಯಾಗು ಕೆಳಗಿಟ್ಟರು. "ಸರಿಯಾಗಿ ನಡುವೆ ಇಟ್ಟಿದ್ರೆ ಸುಮ್ನೆ ನಿಂತಿರ್ತಿತ್ತು!"

"ಅಯ್ಯೋ ಶಿವನೇ, ಅಷ್ಟು ಜೋಪಾನ ಮಾಡಿದ್ನಲ್ಲ!" ಎಂದಳು ಅಕ್ಕ.

ನಾನು ಟ್ಯಾಂಕಿನ ಪೈಪು ತಿರುಗಿಸಿ ನೀರು ಹಾರಿಸಿದೆ. ಕುಂಕುಮ ತೊಳೆದುಹೋಯಿತು. ಕುರ್ಚಿ ಗಕ್ಕನೆ ನಿಂತಿತು. ಭಾವ ಮಾತ್ರ ನಿಲ್ಲದೆ ತುಳಸಿ ಕುಂಡದ ಪಕ್ಕ ಹೋಗಿ ಬಿದ್ದರು.

ಯಂತ್ರ ಆಕಾಶದ ಒಂದು ಕತ್ತಲ ಮೂಲೆಯನ್ನು ದಿಟ್ಟಿಸುತ್ತಿತ್ತು. ನಾವೆಲ್ಲ ಸೇರಿ ತಳ್ಳಿದರೂ ಕೂದಲೆಳೆಯಷ್ಟು ಕದಲಲಿಲ್ಲ.

"ಅಲ್ಲೇನಿದೆ ಮೇಡಂ?"

"ನಕ್ಷೆ ಪ್ರಕಾರ ಏನೂ ಇಲ್ಲ. ಆದ್ರೆ ಹಿಡಿತ ಅಂದ್ರೆ ಇದು! ಕಳಿಸಿ ಮೇಲಕ್ಕೆ!"

ಭಾವನ ಯಂತ್ರ ಹೊತ್ತ ದೂರದರ್ಶಕ ಈಗ ಮೇಲಿದೆ. ಎತ್ತ ತಿರುಗಿಸಿದರೂ ಆ ಕತ್ತಲ ಮೂಲೆಗೇ ಮುಖ ಮಾಡುತ್ತದಂತೆ. ಅಲ್ಲಿ ಏನಿದೆಯೋ, ನನಗೆ ಗೊತ್ತಿಲ್ಲ. ಭಾವನೂ ಗೊತ್ತಿಲ್ಲ ಎಂದರು. ಆ ಮಾತು ಅವರ ಬಾಯಲ್ಲಿ ನಾನು ಕೇಳಿದ್ದು ಇದೇ ಮೊದಲು.